ಒಂದು ಕಲ್ಲಿನ ವಿಚಾರ

ಕಳವು ತಪ್ಪೆಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ. ಸಂಶಯವು ಹುಟ್ಟುವುದು, ಕಳೆದುಕೊಂಡವರು ಯಾರೆಂಬುದು ಗೊತ್ತಾಗದೆ ಇರುವಲ್ಲಿ. ನೆರೆಮನೆಯ ಚೆಂಬನ್ನು ಎತ್ತಿಕೊಂಡವನಿಗೆ ತಾನು ಮಾಡಿದ್ದು ಏನೆಂಬುದು ಚೆನ್ನಾಗಿ ತಿಳಿದಿರುತ್ತದೆ. ಬಯಲಿನಲ್ಲಿ ಬಿದ್ದಿರುವ ಕೋಟಿ ಕಲ್ಲುಗಳೊಳಗೆ ಒಂದನ್ನು ಜೇಬಿಗೆ ಹಾಕಿಕೊಂಡವನಿಗೆ ಹಾಗೆ ತಿಳಿಯುವುದಿಲ್ಲ. ತಿಳಿಯಹೇಳಲು ಹೋದವನಿಗೂ ಮಾತು ತಡವರಿಸುತ್ತದೆ. ಈ ಪ್ರಶ್ನೆಯನ್ನು ನಾನು ಶಾಸ್ತ್ರಗ್ರಂಥಗಳಿಂದ ಎತ್ತಿಕೊಂಡವನಲ್ಲ. ಏಳು ವರ್ಷದ ಹುಡುಗನೊಬ್ಬನು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟನು.

ನನ್ನ ಮಗನು ಅಮೆರಿಕಾ ಸಂಯುಕ್ತಸಂಸ್ಥಾನದ ಅರಿಜೋನಾ ಪ್ರಾಂತದ ಫೀನಿಕ್ಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ವಸಂತಕಾಲದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ನಾನು, ಹೀಗೆ ಐವರೂ ಒಂದೇ ಮೋಟಾರಿನಲ್ಲಿ ಪ್ರವಾಸ ಹೊರಟೆವು. ಆ ಸೀಮೆಯನ್ನು ಮರುಭೂಮಿಯೆಂದು ಕರೆಯುತ್ತಾರಾದರೂ ನಾನು ಕಂಡದ್ದು ಮರಳಿನ ದಿಬ್ಬಗಳನ್ನಲ್ಲ. ಕಾವಿ, ನೇರಳೆ, ಬೂದಿಬಣ್ಣಗಳ ಪದರ ಪದರವಾದ ಗುಡ್ಡಗಳನ್ನು, ಎಂದೋ ಹರಿದ ನೀರು ಕೊರೆದಿಟ್ಟ ಕೊರಕಲುಗಳನ್ನು, ಮೈಲಿಗಟ್ಟಲೆ ಒಂದೂ ಮರವಿಲ್ಲದ ಬಯಲನ್ನು. ದಾರಿಯುದ್ದಕ್ಕೂ ಮಕ್ಕಳು ಜಗಳವಾಡಿದರು. ಸೊಸೆಯು ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ಎರಡನೆಯ ದಿನದವರೆಗೂ ಬಂದಿತು. ಇವೆಲ್ಲ ಯಾವ ಪ್ರವಾಸದಲ್ಲಿಯೂ ಇರುವ ಸಂಗತಿಗಳು.

ಮೊದಲನೆಯ ದಿನ ನಾವು ನೋಡಿದ್ದು ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯೋದ್ಯಾನ. ಶಿಲೆಯಾದ ಅರಣ್ಯವೆಂದು ಅರ್ಥ. ಅರಣ್ಯವೆಂದೊಡನೆ ವಾಚಕರು ನಿಂತ ಮರಗಳನ್ನು ನೆನೆಯಬಾರದು. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಹೊಳೆಗಳು ಉರುಳಿಸಿ ತಂದ ದಿಮ್ಮಿಗಳು ಕೆಸರಿನಲ್ಲಿಯೂ ಜ್ವಾಲಾಮುಖಿಗಳ ಬೂದಿಯಲ್ಲಿಯೂ ಹೂತುಹೋಗಿ, ಗಾಳಿ ತಾಗದೆ, ಬೇಗನೆ ಕೊಳೆಯದೆ ಉಳಿದುವು. ಬೂದಿಯೊಳಗಿನ ಸಿಲಿಕವು ನೀರಿನಲ್ಲಿ ಕರಗಿ ಮರದೊಳಕ್ಕೆ ಇಳಿದು, ಮರವಿದ್ದ ಎಡೆಯಲ್ಲಿ ತಾನು ಸ್ಫಟಿಕವಾಗಿ ಹೆಪ್ಪುಗಟ್ಟಿತು. ಕಬ್ಬಿಣ, ಮ್ಯಾಂಗನೀಸುಗಳ ಅಂಶ ಸೇರಿ ಕೆಂಪು, ಹಳದಿ, ಕಪ್ಪು ಬಣ್ಣಗಳಾದುವು. ಈಗ ಆ ದಿಮ್ಮಿಗಳು ಗರಗಸದಿಂದ ಕೊಯ್ದಿಟ್ಟಂತೆ ತುಂಡುತುಂಡಾಗಿ ಬಯಲಿನಲ್ಲಿ ಮಲಗಿವೆ. ಕಣ್ಣಿಗೆ ಅದು ಮರವೇ. ಮುಟ್ಟಿದರೆ ಬಿಸಿಲಿಗೆ ಕಾದ ಕಲ್ಲು. ಸುತ್ತಲೂ ಅದರ ಚೂರುಗಳು, ಕಣದಲ್ಲಿ ಚೆಲ್ಲಿದ ಕಾಳಿನಂತೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಸೀಮೆಗೆ ರೈಲು ಬಂದ ಮೇಲೆ, ದಿಮ್ಮಿಗಳೊಳಗಿನ ನೇರಳೆಯ ಹರಳುಗಳಿಗಾಗಿ ಜನರು ಸಿಡಿಮದ್ದನ್ನಿಟ್ಟು ಅವನ್ನು ಒಡೆದರು. ದಿಮ್ಮಿಗಳನ್ನೇ ಅರೆದು ಸಾಣೆಪುಡಿ ಮಾಡಿ ಮಾರಬೇಕೆಂದು ಒಂದು ಯಂತ್ರವೂ ಅಲ್ಲಿ ಸ್ಥಾಪಿತವಾಯಿತು. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದನು. 1962ರಲ್ಲಿ ಅದು ಉದ್ಯಾನವಾಯಿತು. ಈಗ ಅಲ್ಲಿಂದ ಒಂದು ಚೂರನ್ನೂ ಕೊಂಡೊಯ್ಯಕೂಡದೆಂಬುದು ಕಟ್ಟಳೆ. ಆದರೆ ಗಡಿಯಾಚೆಯ ಖಾಸಗಿ ಜಮೀನುಗಳಲ್ಲಿ ದೊರೆತ ಇದೇ ಶಿಲಾಕಾಷ್ಠವನ್ನು ಹೋಲ್‌ಬ್ರೂಕಿನ ಅಂಗಡಿಗಳಲ್ಲಿ ಯಾವ ಅಡ್ಡಿಯೂ ಇಲ್ಲದೆ ಮಾರುತ್ತಾರೆ. ಒಂದೇ ಹೊಳೆ ತಂದ ಒಂದೇ ಮರದ ಎರಡು ಚೂರುಗಳಲ್ಲಿ ಒಂದು ಸರಕು, ಇನ್ನೊಂದು ಕಳವಿನ ಮಾಲು! ಈ ಭೇದವನ್ನು ಕಲ್ಲಿನೊಳಗೆ ಎಷ್ಟು ಹುಡುಕಿದರೂ ಕಾಣಲಾಗದು.

ಮೂರನೆಯ ದಿನದ ಸಂಜೆ ನಾವು ಗ್ರಾಂಡ್ ಕ್ಯಾನಿಯನ್ ಎಂಬ ಮಹಾಕಂದರದ ದಕ್ಷಿಣದ ಅಂಚಿನಲ್ಲಿ ಕುಳಿತಿದ್ದೆವು. ಕೊಲೊರಾಡೋ ನದಿಯು 277 ಮೈಲಿಗಳ ಉದ್ದಕ್ಕೆ, ಸುಮಾರು ಒಂದು ಮೈಲಿಯ ಆಳಕ್ಕೆ ಅಲ್ಲಿ ಭೂಮಿಯನ್ನು ಸೀಳಿದೆ. ಅದರ ವರ್ಣನೆಗೆ ನಾನು ತೊಡಗುವುದಿಲ್ಲ. ತೊಡಗಿದವರು ಗೆದ್ದುದನ್ನು ನಾನು ಕಂಡಿಲ್ಲ. ಎಲ್ಲರೂ ಸುಮ್ಮನಿದ್ದಾಗ ಮೊಮ್ಮಗನು ಹತ್ತಿರ ಬಂದು ಡಬ್ಬಿಯನ್ನು ತೆರೆದನು. ಹುಣಿಸೆಯ ಬೀಜಕ್ಕಿಂತ ಕೊಂಚ ದೊಡ್ಡದಾದ, ಕೆಂಪು ಗೆರೆಯ ಚೂರು. "ತಾತ, ಇದನ್ನು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ" ಎಂದನು.

ಆ ರಾತ್ರಿ ವಸತಿಗೃಹದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎಷ್ಟೋ ಜನ ಹೀಗೆ ತೆಗೆಯುತ್ತಾರೆ, ಮಗು ಅಳುವಷ್ಟು ದೊಡ್ಡ ವಿಷಯವಲ್ಲವೆಂದು ಮಗನ ಸಮಾಧಾನ. ಇಲ್ಲಿಯೇ ಕಂದರಕ್ಕೆ ಎಸೆದುಬಿಡೋಣ, ಕಲ್ಲು ಕಲ್ಲಿಗೆ ಸೇರಲಿ ಎಂದು ಸೊಸೆಯ ಸಲಹೆ. ಹತ್ತು ವರ್ಷದ ಮೊಮ್ಮಗಳು ಮಾತ್ರ, "ಅದು ಇಲ್ಲಿಯದಲ್ಲವಲ್ಲ" ಎಂದಳು. ನನಗೆ ಉಳಿದವರ ತರ್ಕಕ್ಕಿಂತ ಈ ಮಾತು ಗಟ್ಟಿಯಾಗಿ ತೋರಿತು.

ಮಗನ ಸಮಾಧಾನದ ವಿಷಯವಾಗಿ ಒಂದು ಮಾತು. ಅರಿಜೋನಾ ಸಂಸ್ಥಾನ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಎಂಬವರೂ ಅವರ ಸಂಗಡಿಗರೂ ಇದೇ ಉದ್ಯಾನದ ಕಾಲುದಾರಿಗಳಲ್ಲಿ ಗುರುತು ಮಾಡಿದ ಚೂರುಗಳನ್ನಿಟ್ಟು ಪರೀಕ್ಷೆ ನಡೆಸಿದ್ದರು. ಹಿಂದೆ ಬಂದವರಲ್ಲಿ ಅನೇಕರು ಚೂರುಗಳನ್ನು ಒಯ್ದು ಅರಣ್ಯವನ್ನು ಕೆಡಿಸಿದ್ದಾರೆಂದು ಫಲಕವನ್ನು ನೆಟ್ಟಾಗ ನೂರಕ್ಕೆ ಎಂಟರಷ್ಟು ಚೂರುಗಳು ಕಾಣೆಯಾದುವು. ದಯವಿಟ್ಟು ಒಯ್ಯಬೇಡಿರೆಂದಷ್ಟೇ ಬರೆದಾಗ ಎರಡಕ್ಕೂ ಕಡಮೆ. ಅನೇಕರು ಮಾಡಿದ್ದಾರೆಂಬ ಮಾತು ತಪ್ಪು ಮಾಡುವ ಮೊದಲು ಪ್ರೇರಣೆ, ಮಾಡಿದ ಮೇಲೆ ಸಾಂತ್ವನ. ಎರಡು ಕಡೆಯೂ ಅದು ಮನುಷ್ಯನನ್ನು ಗುಂಪಿನೊಳಗೆ ಅಡಗಿಸುವ ಕೆಲಸವನ್ನೇ ಮಾಡುತ್ತದೆ.

ಕಲ್ಲನ್ನು ಹಿಂದಿರುಗಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಹಾಗೆ ಹಿಂದಿರುಗಿಸುವವರು ಬಹುಮಂದಿ. ವರ್ಷಗಳು ಕಳೆದ ಮೇಲೆ ಕ್ಷಮಾಪಣೆಯ ಕಾಗದದೊಡನೆ ಉದ್ಯಾನಕ್ಕೆ ಅಂಚೆಯಲ್ಲಿ ಕಲ್ಲುಗಳು ಬರುತ್ತವೆ. ಮನೆಯಲ್ಲಿ ಅಪಘಾತವಾಯಿತು, ಉದ್ಯೋಗ ಹೋಯಿತು, ಇದು ಕಲ್ಲಿನ ಶಾಪವೆಂದು ಬರೆದವರೂ ಉಂಟು. ಆದರೆ ಆ ಕಲ್ಲುಗಳು ಬಯಲಿಗೆ ಹಿಂದಿರುಗುವುದಿಲ್ಲ. ಯಾವ ಚೂರು ಯಾವ ಪದರದ್ದೆಂದು ತಿಳಿಯದೆ ಎಲ್ಲೆಂದರಲ್ಲಿ ಚೆಲ್ಲಿದರೆ ಭೂಶಾಸ್ತ್ರಜ್ಞರು ಓದಬೇಕಾದ ಲೆಕ್ಕವೇ ಸುಳ್ಳಾಗುವುದು. ಆದಕಾರಣ ಅವನ್ನು ನೌಕರರ ದಾರಿಯೊಂದರ ಪಕ್ಕದಲ್ಲಿ ರಾಶಿಹಾಕಿದ್ದಾರೆ. ಅಂತಃಕರಣದ ರಾಶಿಯೆಂದು ಅದಕ್ಕೆ ಹೆಸರು. ಕೋಟಿ ಕಲ್ಲುಗಳಲ್ಲಿ ಒಂದು ಕಡಮೆಯಾದರೆ ನಷ್ಟವೇನೆಂಬ ಪ್ರಶ್ನೆಗೆ ನನಗೆ ಇಲ್ಲಿ ಸ್ವಲ್ಪ ಉತ್ತರ ದೊರೆಯಿತು. ನಷ್ಟವು ಸಂಖ್ಯೆಯಲ್ಲಿಲ್ಲ. ಕಲ್ಲಿಗೆ ಇದ್ದುದು ಒಂದೇ ಸ್ವತ್ತು, ತಾನು ಬಿದ್ದಿದ್ದ ಎಡೆ. ಕಲ್ಲು ಹಿಂದಿರುಗಬಹುದು, ಎಡೆಯು ಮರೆತುಹೋದ ಮೇಲೆ ಅದನ್ನು ಹಿಂದಕ್ಕೆ ಕೊಡುವವರು ಯಾರು?

ಜೈನಶಾಸ್ತ್ರದಲ್ಲಿ ಕಳವಿಗೆ ಅದತ್ತಾದಾನವೆಂಬ ಹೆಸರುಂಟು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಈ ಲಕ್ಷಣದಲ್ಲಿ ಕಳೆದುಕೊಂಡವನ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು. ಕೊಟ್ಟವರು ಯಾರು ಎಂಬುದಷ್ಟೇ ಪ್ರಶ್ನೆ. ಹಾಗಾದರೆ ಕಲ್ಲನ್ನು ಒಯ್ಯಬೇಡವೆನ್ನುವ ಸರಕಾರಕ್ಕೆ ಆ ನೆಲವನ್ನು ಕೊಟ್ಟವರು ಯಾರು? ನಾವು ಕುಳಿತಿದ್ದ ಮಹಾಕಂದರದಲ್ಲಿ ಹವಸುಪಾಯಿ ಎಂಬ ಜನರು ಬಹುಕಾಲದಿಂದ ಬಾಳಿಕೊಂಡು ಬಂದಿದ್ದರು. 1882ರಲ್ಲಿ ಅವರನ್ನು 518 ಎಕರೆಗಳೊಳಗೆ ಕಟ್ಟಿಹಾಕಿದರು. 1919ರಲ್ಲಿ ಕಂದರವು ರಾಷ್ಟ್ರೀಯೋದ್ಯಾನವಾಯಿತು. ಅಂಚಿನ ಕೆಳಗೆ ಅವರು ಬೇಸಾಯ ಮಾಡುತ್ತಿದ್ದ ಊಟೆಯ ಬಳಿಯಿಂದ ಕೊನೆಯ ನಿವಾಸಿಯನ್ನು 1928ರಲ್ಲಿ ಹೊರಡಿಸಿದರು. ಆ 1882ರಲ್ಲಿಯೇ ಕ್ಲಾರೆನ್ಸ್ ಡಟ್ಟನ್ ಎಂಬ ಭೂಶಾಸ್ತ್ರಜ್ಞನ ಗ್ರಂಥವು ಪ್ರಕಟವಾಯಿತು. ಕಂದರದೊಳಗಿನ ಶಿಖರಗಳಿಗೆ ವಿಷ್ಣುದೇವಾಲಯ, ಶಿವದೇವಾಲಯವೆಂದು ಹೆಸರಿಟ್ಟವನು ಇವನೇ. ನಕ್ಷೆಯಲ್ಲಿ ನಮ್ಮ ದೇವರ ಹೆಸರುಗಳನ್ನು ಕಂಡು ನಾನು ಮೊದಲು ಹಿಗ್ಗಿದೆನು; ಮೊಮ್ಮಕ್ಕಳನ್ನು ಕರೆದು ತೋರಿಸಿದೆನು. ಎರಡು ಸಂಗತಿಗಳ ವರ್ಷ ಒಂದೇ ಎಂದು ತಿಳಿದ ಮೇಲೆ ಆ ಹಿಗ್ಗು ಹಾಗೆಯೇ ಉಳಿಯಲಿಲ್ಲ. ನಾವು ಬೇಡದೆ ಇದ್ದ ಹೆಸರನ್ನು, ತನ್ನದಲ್ಲದ ಬೆಟ್ಟಕ್ಕೆ, ಮೂರನೆಯವನೊಬ್ಬನು ಕೊಟ್ಟದ್ದು ಅದು.

ಹೀಗಿದ್ದರೂ ಈ ಕಥೆಯಲ್ಲಿ ಹಿಂದಿರುಗಿಸುವಿಕೆಯೂ ಇದೆ. 1975ರಲ್ಲಿ ಹವಸುಪಾಯಿ ಜನರಿಗೆ ಸುಮಾರು 1,85,000 ಎಕರೆ ನೆಲವು ಮರಳಿ ಬಂದಿತು. ಆ ಊಟೆಯ ತಾಣಕ್ಕೆ ಇಂಡಿಯನ್ ಗಾರ್ಡನ್ ಎಂದಿದ್ದ ಹೆಸರನ್ನು 2022ರಲ್ಲಿ ಹವಸುಪಾಯಿ ಗಾರ್ಡನ್ಸ್ ಎಂದು ಬದಲಾಯಿಸಿದರು. ಇದು ಪೂರ್ಣ ನ್ಯಾಯವೆಂದು ನಾನು ಹೇಳುವುದಿಲ್ಲ. ತೊಂಬತ್ತು ವರ್ಷಗಳ ಬದುಕನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ಆದರೆ ಇಷ್ಟಾದರೂ ಸಾಧ್ಯವಾದದ್ದು ಹೇಗೆ? ಇದು ನಮ್ಮದು, ಇಲ್ಲಿ ಜೋಳ ಬೆಳೆದೆವು, ಇಲ್ಲಿ ನಮ್ಮವರನ್ನು ಹೂತೆವು ಎಂದು ತಲೆಮಾರಿನಿಂದ ತಲೆಮಾರಿಗೆ ನೆನಪಿಟ್ಟವರು ಇದ್ದುದರಿಂದ. ಕಲ್ಲಿಗೆ ಅಂಥ ನೆನಪಿಲ್ಲ. ಅದರ ಪರವಾಗಿ ತೆಗೆದವನೇ ನೆನಪಿಡಬೇಕು.

ಮರುದಿನ ಹಿಂದಕ್ಕೆ ಹೋಗಿ ಬರಲು ಮಗನ ರಜವು ಸಾಲದಾಗಿತ್ತು. ಅಂಚೆಯಲ್ಲಿ ಕಳುಹಿಸುವುದೆಂದು ನಿಶ್ಚಯವಾಯಿತು. ಹುಡುಗನು ತಾನೇ ಕಾಗದ ಬರೆದನು; ಕೆಳಗೆ ಒಂದು ನಕ್ಷೆಯನ್ನೂ ಎಳೆದನು. ಮೋಟಾರು ನಿಂತ ಕಡೆ, ಕಟ್ಟಡ, ಎರಡಾಗಿ ಮುರಿದ ದೊಡ್ಡ ದಿಮ್ಮಿ, ಅದರ ನೆರಳಿನಲ್ಲಿ ಒಂದು ಗಿಡ, ಗಿಡದಿಂದ ಮೂರು ಹೆಜ್ಜೆಗೆ ಒಂದು ಚುಕ್ಕೆ. ಆ ಕಲ್ಲು ರಾಶಿಗೆ ಹೋಗುವುದೇ ಹೊರತು ಚುಕ್ಕೆಗೆ ಹೋಗುವುದಿಲ್ಲವೆಂದು ನಾನು ಬಲ್ಲೆನು. ಹೇಳಬೇಕೆಂದು ಬಾಯಿ ತೆರೆದು, ಅವನು ಚುಕ್ಕೆಗೆ ಬಣ್ಣ ಹಚ್ಚುತ್ತಿದ್ದುದನ್ನು ಕಂಡು ಸುಮ್ಮನಾದೆನು. ಅದು ಸರಿಯೋ ತಪ್ಪೋ ಇಂದಿಗೂ ನಿಶ್ಚಯಿಸಲಾರೆ.

ನಾನು ಸುಮ್ಮನಾದುದಕ್ಕೆ ಇನ್ನೊಂದು ಕಾರಣವೂ ಉಂಟು. ಕಾಲೇಜಿನಲ್ಲಿ ಓದುತ್ತಿದ್ದಾಗ ಸ್ನೇಹಿತರೊಡನೆ ನಮ್ಮ ಜಿಲ್ಲೆಯ ಒಂದು ಹಾಳುದೇಗುಲಕ್ಕೆ ಹೋಗಿದ್ದೆನು. ಬಿದ್ದ ಗೋಡೆಯ ಬುಡದಿಂದ ಬಳಪದ ಕಲ್ಲಿನ ಒಂದು ತುಣುಕನ್ನು ತಂದೆನು. ಅಂಗೈಯಗಲ, ಅದರಲ್ಲಿ ಒಂದು ಹಂಸದ ಕೊರಳು ಮತ್ತು ಅರ್ಧ ರೆಕ್ಕೆ. ನಲವತ್ತು ವರ್ಷಗಳಿಗೂ ಮೇಲಾಗಿ ಅದು ನನ್ನ ಮೇಜಿನ ಮೇಲೆ ಕಾಗದಗಳನ್ನು ಒತ್ತಿಕೊಂಡಿದೆ. ಬಂದವರು ಹೊಗಳಿದ್ದಾರೆ, ಆ ಹೊಗಳಿಕೆಯಲ್ಲಿ ನನಗೂ ಒಂದು ಪಾಲು ಸಂದಿದೆ. ಊರಿಗೆ ಹಿಂದಿರುಗಿದ ಮೇಲೆ ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆನು. ದೇಗುಲವನ್ನು ಈಗ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಹಳೆಯ ಕಲ್ಲುಗಳ ನಡುವೆ ಹೊಸ ಕಲ್ಲುಗಳು. ಹಂಸಗಳ ಸಾಲು ಸುತ್ತಲೂ ಇದೆ, ಮುರಿದವು ಹಲವು. ಎರಡು ಸಲ ಪ್ರದಕ್ಷಿಣೆ ಬಂದೆನು. ಯಾವ ಗೋಡೆಯ ಬುಡದಿಂದ ಎತ್ತಿದೆನೆಂಬುದು ನೆನಪಿಗೆ ಬರಲಿಲ್ಲ. ಅರ್ಚಕರು, ಬೇಕಾದರೆ ಅಶ್ವತ್ಥದ ಕಟ್ಟೆಯ ಮೇಲೆ ನಾಗರಕಲ್ಲುಗಳ ಜೊತೆಯಲ್ಲಿ ಇಟ್ಟು ಹೋಗಿರೆಂದರು. ಅಲ್ಲಿ ಇಡಲು ಮನಸ್ಸಾಗಲಿಲ್ಲ, ತಿರುಗಿ ತಂದೆನು.

ಮೊಮ್ಮಗನಿಗೆ ಇದನ್ನು ಇನ್ನೂ ತಿಳಿಸಿಲ್ಲ.