ಎರಡು ಸಲ ಎಣಿಕೆಗೆ ಸಿಕ್ಕವರು

ಒಬ್ಬ ಮನುಷ್ಯನನ್ನು ಎರಡು ಸಲ ಎಣಿಸುವುದು ಯಾವಾಗ ನ್ಯಾಯ? ನನ್ನ ಪಿಎಚ್‌ಡಿ ಕೆಲಸದಲ್ಲಿ ಈ ಪ್ರಶ್ನೆ ಬರುವುದು ತೀರಾ ಒಣ ರೂಪದಲ್ಲಿ. ಒಂದು ಕಾಯಿಲೆಯ ಎರಡು ವರ್ಷಗಳ ದಾಖಲೆ. ಕೆಲವರು ಎರಡರಲ್ಲೂ ಇದ್ದಾರೆ, ಕೆಲವರು ಮೊದಲನೆಯದರಲ್ಲಿ ಮಾತ್ರ, ಕೆಲವರು ಹೊಸಬರು. ತಂಬಾಕಿಗೂ ಕಾಯಿಲೆಗೂ ಇರುವ ನಂಟು ಬಿಗಿಯಾಯಿತೋ ಸಡಿಲವಾಯಿತೋ ಹೇಳಬೇಕು.

ಅದನ್ನು ಅಳೆಯುವುದು ಆಡ್ಸ್ ರೇಶಿಯೋ. ತಂಬಾಕು ಬಳಸುವ ನೂರು ಜನರಲ್ಲಿ 20 ಮಂದಿಗೆ ಕಾಯಿಲೆ ಇದೆ ಅನ್ನಿ, 20ಕ್ಕೆ 80. ಬಳಸದ ನೂರರಲ್ಲಿ 10 ಮಂದಿಗೆ, 10ಕ್ಕೆ 90. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.25. ಇಷ್ಟೇ. ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವಾಗ ತೊಡಕು ಶುರು. ಸರಳ ಸೂತ್ರವು ಎರಡೂ ಗುಂಪುಗಳಿಗೆ ಪರಸ್ಪರ ಸಂಬಂಧವೇ ಇಲ್ಲವೆಂದು ನಂಬುತ್ತದೆ. ಆದರೆ ಹೋದ ವರ್ಷ ಬೀಡಿ ಸೇದುತ್ತಿದ್ದವರು ಬಹುಪಾಲು ಈ ವರ್ಷವೂ ಸೇದುತ್ತಾರೆ. ಅವರಿಂದಾಗಿ ಎರಡೂ ಅಂಕಿಗಳು ಒಟ್ಟಿಗೇ ವಾಲುತ್ತವೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ವ್ಯತ್ಯಾಸದ ಅನಿಶ್ಚಿತತೆ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ನಿಜವಾದ ಬದಲಾವಣೆ ಕೈತಪ್ಪಬಹುದು. ಎರಡೂ ವರ್ಷಗಳನ್ನು ಸೇರಿಸಿ ಒಂದೇ ಅಂಕಿ ತೆಗೆದರೆ ಉಲ್ಟಾ: ಒಬ್ಬನೇ ಇಬ್ಬರಾಗಿ ಸಾಕ್ಷಿ ಹೇಳುತ್ತಾನೆ, ನಮಗೆ ಇಲ್ಲದ ಧೈರ್ಯ ಬರುತ್ತದೆ.

ಎರಡೂ ವರ್ಷ ಇದ್ದವರನ್ನಷ್ಟೇ ಇಟ್ಟುಕೊಂಡರೆ ಲೆಕ್ಕ ಸಲೀಸು. ಆದರೆ ಮತ್ತೆ ಬಂದವರು ಯಾರು? ಬದುಕುಳಿದವರು, ಊರು ಬಿಡದವರು, ಒಂದು ದಿನದ ಕೂಲಿ ಹೋದರೂ ತಡೆದುಕೊಳ್ಳಬಲ್ಲವರು. ಅವರನ್ನೇ ಕೈಬಿಟ್ಟು ಉಳಿದವರನ್ನು ಹೋಲಿಸುವುದು ನನಗೆ ಇನ್ನೂ ಕಸಿವಿಸಿ: ಕಾಯಿಲೆಯೊಡನೆ ಹೆಚ್ಚು ದಿನ ಬಾಳಿದವರನ್ನು ಸೂತ್ರದ ಅನುಕೂಲಕ್ಕಾಗಿ ಹೊರಗೆ ಹಾಕಿದಂತೆ.

1986ರಲ್ಲಿ ಲಿಯಾಂಗ್ ಮತ್ತು ಝೇಗರ್ ತೋರಿದ ವಿಧಾನ ಎಲ್ಲರನ್ನೂ ಉಳಿಸಿಕೊಳ್ಳುತ್ತದೆ, ಒಬ್ಬರದೇ ದಾಖಲೆಗಳನ್ನು ಒಂದು ಕಟ್ಟಾಗಿ ನೋಡುತ್ತದೆ. ಆದರೆ ಬಾರದವರು ಏಕೆ ಬರಲಿಲ್ಲ ಎಂಬುದು ಅದಕ್ಕೂ ತಿಳಿಯದು. ಜೊತೆಗೆ, ಈ ವರ್ಷದವರೇ ಹೋದ ವರ್ಷದವರು ಎಂದು ಗುರುತಿಸಲು ಒಂದು ಎಳೆ ಬೇಕು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಿಂದ 5,209 ಜನರನ್ನು ಎರಡು ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸುತ್ತಾ ಬಂದರು. ಅಲ್ಲಿ ಎಳೆ ಮೊದಲಿನಿಂದಲೂ ಇತ್ತು. ನಮಗೆ ಸಿಗುವ ದಾಖಲೆಗಳಲ್ಲಿ ರೋಗಿಯ ಗೌಪ್ಯತೆಗೆಂದು ಹೆಸರು ಅಳಿಸುತ್ತಾರೆ. ಅದು ಸರಿಯೇ. ಆದರೆ ವರ್ಷಕ್ಕೊಂದು ಹೊಸ ಸಂಖ್ಯೆ ಕೊಟ್ಟಾಗ ಒಬ್ಬಳೇ ಹೆಂಗಸು ಇಬ್ಬರಾಗುತ್ತಾಳೆ, ಸತ್ತವನು ಸುಮ್ಮನೆ ಇಲ್ಲವಾಗುತ್ತಾನೆ. ಹೆಸರು ಬೇಡ, ಬದಲಾಗದ ಒಂದು ಸಂಖ್ಯೆ ಇರಲಿ ಎಂಬುದು ನನ್ನ ವಾದ. ಸದ್ಯ ನನ್ನ ಕೋಷ್ಟಕಕ್ಕೆ 'ಮತ್ತೆ ಬರಲಿಲ್ಲ' ಎಂಬ ಕಾಲಂ ಸೇರಿಸಿದ್ದೇನೆ. ಅದರ ಪಕ್ಕದಲ್ಲಿ, ಕಾರಣ ಬರೆಯಬೇಕಾದ ಕಾಲಂ ಬಹುಪಾಲು ಖಾಲಿ.