ನಕ್ಷತ್ರವನ್ನು ಕಂಡವರಾರು?

ಕಣ್ಣಾರೆ ಕಂಡ ಮಾತಿಗೂ ಕೇಳಿ ತಿಳಿದ ಮಾತಿಗೂ ನಮ್ಮ ಹಿರಿಯರು ಭೇದವೆಣಿಸುತ್ತಿದ್ದರು. ಎರಡೂ ನಿಜವಿರಬಹುದು. ಆದರೆ ಕೇಳಿದ್ದನ್ನು ಕಂಡೆನೆಂದು ಹೇಳುವವನು, ಸಂಗತಿ ಸತ್ಯವಾಗಿದ್ದರೂ, ತಾನು ಅಸತ್ಯವನ್ನಾಡಿದಂತೆಯೇ. ಈ ವಿವೇಕಕ್ಕೆ ಈಗ ಹೊಸದೊಂದು ಪರೀಕ್ಷೆ ಒದಗಿದೆ. ಮೊಬೈಲ್ ಫೋನನ್ನು ಆಕಾಶದತ್ತ ಹಿಡಿದರೆ ಸಾಕು, ಅದರ ಪರದೆಯ ಮೇಲೆ ನಕ್ಷತ್ರಪುಂಜಗಳು ಗೆರೆ ಹೆಸರುಗಳೊಡನೆ ಮೂಡುತ್ತವೆ. 2009ರಲ್ಲಿ ಗೂಗಲ್ ಸಂಸ್ಥೆಯು ಸ್ಕೈ ಮ್ಯಾಪ್ ಅನ್ನು ಹೊರತಂದ ಬಳಿಕ ಇಂಥ ಅನೇಕ ಸಾಧನಗಳು ಮಕ್ಕಳ ಕೈಗೂ ಬಂದಿವೆ. ಹಾಗೆ ನೋಡಿದ ಮಗು "ಅರುಂಧತಿಯನ್ನು ಕಂಡೆ" ಎಂದರೆ ಆ ಮಾತು ಸತ್ಯವೆ?

ಇದಕ್ಕೆ ಉತ್ತರಿಸುವ ಮೊದಲು ಯಂತ್ರದ ಕ್ರಮವನ್ನು ತಿಳಿಯಬೇಕು. ಉಪಗ್ರಹಗಳ ಸಂಕೇತದಿಂದ ಫೋನು ತಾನಿರುವ ಸ್ಥಳವನ್ನು ಅರಿಯುತ್ತದೆ. ಗಡಿಯಾರದಿಂದ ಕಾಲವನ್ನು, ಒಳಗಿನ ದಿಕ್ಸೂಚಿಯಿಂದ ದಿಕ್ಕನ್ನು, ಸೂಕ್ಷ್ಮ ಸಂವೇದಕಗಳಿಂದ ತನ್ನ ಓರೆಯನ್ನು ಅರಿಯುತ್ತದೆ. ಅನಂತರ ತನ್ನಲ್ಲಿರುವ ಪಟ್ಟಿಯ ಆಧಾರದಿಂದ ಆ ದಿಕ್ಕಿನಲ್ಲಿ ಏನಿರಬೇಕೆಂದು ಗಣಿಸಿ ಚಿತ್ರಿಸುತ್ತದೆ. ಇದಕ್ಕೆ ನಕ್ಷತ್ರವನ್ನು ನೋಡುವ ಅಗತ್ಯವೇ ಇಲ್ಲ. ಆದ್ದರಿಂದಲೇ ಮೋಡ ಕವಿದಾಗಲೂ, ಮನೆಯ ಒಳಗೂ ಅದು ನಕ್ಷತ್ರಗಳನ್ನು ತೋರಿಸಬಲ್ಲದು. ನೆಲದತ್ತ ತಿರುಗಿಸಿದರೆ ಭೂಮಿಯ ಆಚೆಗಿರುವವನ್ನೂ ತೋರಿಸುತ್ತದೆ. ಅದು ನೀಡುವುದು ದರ್ಶನವಲ್ಲ, ಗಣಿತ.

ಗಣಿತ ಸರಿಯಿದ್ದರೂ ಭೇದ ಉಳಿಯುತ್ತದೆ. 2019ರ ಕೊನೆಯಲ್ಲಿ ಮಹಾವ್ಯಾಧಪುಂಜದ ಆರ್ದ್ರಾ ನಕ್ಷತ್ರವು ಮಂಕಾಗತೊಡಗಿ, 2020ರ ಫೆಬ್ರವರಿಯ ವೇಳೆಗೆ ಅದರ ಕಾಂತಿ ಎಂದಿನ ಮೂರರಲ್ಲೊಂದು ಪಾಲಿಗೆ ಸಮೀಪವಾಗಿ ಇಳಿಯಿತು. ನಕ್ಷತ್ರವೇ ಹೊರಚೆಲ್ಲಿದ ಅನಿಲವು ತಣಿದು ಧೂಳಾಗಿ ಬೆಳಕನ್ನು ಮರೆಮಾಡಿತೆಂದು 2021ರಲ್ಲಿ ಖಗೋಳಜ್ಞರು ವಿವರಿಸಿದರು. ನೆರೆಯ ರೋಹಿಣಿಯೊಡನೆ ಹೋಲಿಸಿ ನೋಡಿದವರಿಗೆ ಬರಿಗಣ್ಣಿಗೇ ಈ ವ್ಯತ್ಯಾಸ ತಿಳಿಯುತ್ತಿತ್ತು. ಬದಲಾಗದ ಪಟ್ಟಿಯನ್ನು ನೆಚ್ಚಿದ ಪರದೆಯು ಇದನ್ನು ತಾನಾಗಿ ಅರಿಯಲಾರದು.

ಹೆಸರುಗಳೂ ಎರವಲೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜವೇ. ಆಕಾಶದಲ್ಲಿ ಗೆರೆಗಳಿಲ್ಲ, ಇಂದು ಬಳಕೆಯಲ್ಲಿರುವ 88 ಪುಂಜಗಳ ಪಟ್ಟಿಯನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 1922ರಲ್ಲಿ ಅಂಗೀಕರಿಸಿತು. ಅಜ್ಜಿ ಹೇಳಿಕೊಟ್ಟದ್ದೂ ಎರವಲೇ. ಆದರೆ ಅಜ್ಜಿಯ ಬೆರಳಿನಲ್ಲಿ ನಕ್ಷತ್ರವಿಲ್ಲದ ಕಾರಣ ಮಗು ಬೆರಳಿನ ಆಚೆಗೆ ನೋಡಲೇಬೇಕಾಗುತ್ತದೆ. ಪರದೆಯಲ್ಲಾದರೋ ನಕ್ಷತ್ರದ ಚಿತ್ರವೂ ಇರುವುದರಿಂದ ನೋಟ ಅಲ್ಲಿಯೇ ನಿಂತುಬಿಡುತ್ತದೆ.

ಹಾಗೆಂದು ಸಾಧನವನ್ನು ನಿಂದಿಸಬೇಕಾಗಿಲ್ಲ. ಹತ್ತಿರದ ದೊಡ್ಡ ನಕ್ಷತ್ರವನ್ನು ಮೊದಲು ತೋರಿಸಿ, ಅದನ್ನು ಬಿಡಿಸಿ, ಬಳಿಕ ಕಿರಿದಾದ ಅರುಂಧತಿಯನ್ನು ತೋರಿಸುವ ಕ್ರಮಕ್ಕೆ ಅರುಂಧತೀನ್ಯಾಯವೆಂದು ಹೆಸರು. ಫೋನು ಆ ದೊಡ್ಡ ನಕ್ಷತ್ರದ ಸ್ಥಾನದಲ್ಲಿರಲಿ. ದಿಕ್ಕು ತಿಳಿದ ಮೇಲೆ ಅದನ್ನು ಕೆಳಗಿಡಬೇಕು. ಪರದೆಯ ಬೆಳಕಿಗೆ ಒಗ್ಗಿದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಆ ತಾಳ್ಮೆಯೂ ಕಲಿಕೆಯ ಭಾಗವೇ. ಕಂಡರೆ "ಕಂಡೆ" ಎನ್ನಲಿ. ಕಾಣದಿದ್ದರೆ "ಅಲ್ಲಿದೆಯೆಂದು ಫೋನು ಹೇಳಿತು" ಎನ್ನಲಿ. ಇಷ್ಟನ್ನು ಮಕ್ಕಳಿಗೆ ಕಲಿಸಿದರೆ ಖಗೋಳದೊಡನೆ ಸತ್ಯವನ್ನೂ ಕಲಿಸಿದಂತಾಗುತ್ತದೆ.

ಆದರೆ ಕಾಣುವ ಅವಕಾಶವನ್ನಾದರೂ ನಾವು ಉಳಿಸಬೇಡವೆ? 2011ರಿಂದ 2022ರವರೆಗೆ ಜನಸಾಮಾನ್ಯರು ಬರಿಗಣ್ಣಿನಿಂದ ಮಾಡಿದ ವೀಕ್ಷಣೆಗಳನ್ನು ಪರಿಶೀಲಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ರಾತ್ರಿಯ ಆಕಾಶದ ಕೃತಕ ಬೆಳಕು ವರ್ಷಕ್ಕೆ ಸುಮಾರು ಶೇಕಡಾ 10ರಂತೆ ಹೆಚ್ಚಿದೆ. ಮನೆ, ಬೀದಿ, ದೇವಾಲಯಗಳ ಪ್ರಖರ ದೀಪಗಳು ನಕ್ಷತ್ರಗಳನ್ನು ಮರೆಸುತ್ತವೆ. ಅಸಂಖ್ಯ ಕೀಟಗಳನ್ನು ಸೆಳೆದು ಕೊಲ್ಲುತ್ತವೆ. ಬಾಗಿಲು ಮುಚ್ಚಿದ ಬಳಿಕವೂ ಗೋಪುರಕ್ಕೆ ಬೆಳಕು ಚೆಲ್ಲುವ ಅಗತ್ಯವಿದೆಯೇ ಎಂಬುದನ್ನು ಟ್ರಸ್ಟುಗಳ ಹಿರಿಯರು ಆಲೋಚಿಸಬೇಕು. ದೀಪವನ್ನು ಆರಿಸಿದ ಅಂಗಳದಲ್ಲಿ ಮಗುವಿಗೆ ಅರುಂಧತಿಯನ್ನು ತೋರಿಸಲು ಒಂದು ಬೆರಳು ಸಾಕಾಗುತ್ತದೆ.