ಉಪ್ಪಿಗಿಂತ ರುಚಿಯಿಲ್ಲ

ಕೆಲಸಕ್ಕೆ ಸೇರಿ ಎರಡನೇ ವರ್ಷ. ಕೋರಮಂಗಲದ ಸಣ್ಣ ಕಂಪನಿ, ಹನ್ನೊಂದು ಜನ, ಒಂದೇ ಹಾಲ್. ಮನೆಗೆ ದಿನಸಿ ತಲುಪಿಸುವ ನಮ್ಮ ವೆಬ್‌ಸೈಟಿನ ಸರ್ವರ್ ನೋಡ್ ಜೆಎಸ್‌ನಲ್ಲಿತ್ತು. ಒಂದು ಶುಕ್ರವಾರ ಸಂಜೆ ಯಾವುದೋ ಬಗ್ ಹುಡುಕುತ್ತಾ ಯೂಸರ್ ಟೇಬಲ್ ತೆರೆದೆ. ಪಾಸ್‌ವರ್ಡ್ ಕಾಲಮ್ಮಿನ ತುಂಬ ಎಂಡಿ5 ಹ್ಯಾಶ್‌ಗಳು. ಸಾಲ್ಟ್ ಇಲ್ಲ. ಕೆಳಕ್ಕೆ ಹೋದ ಹಾಗೆ ಅದೇ 32 ಅಕ್ಷರಗಳ ಸಾಲು ಮತ್ತೆ ಮತ್ತೆ ಸಿಗುತ್ತಿತ್ತು. ಅಂದರೆ ಅವರೆಲ್ಲರದೂ ಒಂದೇ ಪಾಸ್‌ವರ್ಡ್.

ಇದು ಎಷ್ಟು ಅಪಾಯ ಅಂತ ಸೋಮವಾರದ ಮೀಟಿಂಗಿನಲ್ಲಿ ತೋರಿಸಬೇಕಿತ್ತು. ಗಿರಾಕಿಗಳದ್ದನ್ನು ಮುರಿದು ತೋರಿಸುವುದು ತಪ್ಪು ಅನ್ನಿಸಿತು. ಮನೆಯವರದ್ದಾದರೆ ಪರವಾಗಿಲ್ಲ ಅಂದುಕೊಂಡೆ. ಅಮ್ಮನ ಅಕೌಂಟ್ ನಾನೇ ಮಾಡಿಕೊಟ್ಟಿದ್ದು. ಪಾಸ್‌ವರ್ಡ್ ಮಾತ್ರ ಅವಳೇ ಹಾಕಿದ್ದಳು, ನನ್ನನ್ನು ಆ ಕಡೆ ತಿರುಗಿ ಕೂರಿಸಿ. ನಮ್ಮ ಕಡೆಯ ಹೆಸರುಗಳ ಒಂದು ಪಟ್ಟಿ, ಪ್ರತಿ ಹೆಸರಿಗೂ ಎರಡು ಅಂಕಿ ಸೇರಿಸಿ ನೋಡುವ ಹತ್ತು ಸಾಲಿನ ಪ್ರೋಗ್ರಾಂ, ಅಷ್ಟೇ. ಎಂಟರ್ ಒತ್ತಿ ನೀರಿನ ಬಾಟಲಿಗೆ ಕೈ ಹಾಕುವಷ್ಟರಲ್ಲಿ ಉತ್ತರ ಬಂದಿತ್ತು.

ನನ್ನ ಹೆಸರಲ್ಲ. ಅಪ್ಪನದ್ದಲ್ಲ, ಮನೆದೇವರದ್ದೂ ಅಲ್ಲ. ಅಮ್ಮನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಮ್ಮೆ ನೋಡಿದ್ದ ಹೆಸರು. ಮದುವೆಯಲ್ಲಿ ಗಂಡನ ಮನೆಯವರು ಬದಲಾಯಿಸಿದ್ದು. ಕಾಲೇಜಿನಲ್ಲಿದ್ದಾಗ ಕೇಳಿದ್ದೆ, ಬೇಜಾರಾಗಲಿಲ್ವಾ ಅಂತ. "ಯಾವ ಹೆಸರಾದ್ರೇನು ಬಿಡೋ" ಅಂದಿದ್ದಳು. ಈಗ ನೋಡಿದರೆ, ಯಾರೂ ಕರೆಯದ ಆ ಹೆಸರನ್ನು ಅವಳು ವಾರಕ್ಕೊಮ್ಮೆ ಬೇಳೆ, ಬೆಲ್ಲ ತರಿಸುವಾಗ ತಾನೇ ಟೈಪ್ ಮಾಡಿಕೊಳ್ಳುತ್ತಿದ್ದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಸೋಮವಾರ ನಾನು ಅಮ್ಮನ ಉದಾಹರಣೆ ಕೊಡಲಿಲ್ಲ. ಲಿಂಕ್ಡ್‌ಇನ್ ಕಥೆ ಹೇಳಿದೆ. 2012ರಲ್ಲಿ ಅವರ ಸುಮಾರು 65 ಲಕ್ಷ ಪಾಸ್‌ವರ್ಡ್ ಹ್ಯಾಶ್‌ಗಳು ಹೊರಗೆ ಬಂದವು. ಅವೂ ಸಾಲ್ಟ್ ಇಲ್ಲದವು. ಕದ್ದದ್ದು ಹತ್ತು ಕೋಟಿಗೂ ಮೀರಿತ್ತು ಅಂತ ಗೊತ್ತಾಗಿದ್ದು 2016ರಲ್ಲಿ. ಮದ್ದು ಹೊಸದೇನಲ್ಲ. ಯುನಿಕ್ಸ್ ಪಾಸ್‌ವರ್ಡ್‌ಗಳಿಗೆ ಸಾಲ್ಟ್ ಹಾಕುವ ಬಗ್ಗೆ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಬರೆದದ್ದು 1979ರಲ್ಲಿ. ಬಿಕ್ರಿಪ್ಟ್ ಬಂದದ್ದು 1999ರಲ್ಲಿ.

ನಮ್ಮ ಲೀಡ್ ಒಳ್ಳೆಯ ಮನುಷ್ಯ. "ಡೇಟಾಬೇಸ್ ನೋಡೋರು ನಾವು ಮೂರೇ ಜನ ಮಾರಾಯ. ನಮ್ಮ ಮೇಲೇ ನಂಬಿಕೆ ಇಲ್ವಾ ನಿಂಗೆ?" ಅಂದ.

ಶುಕ್ರವಾರದ ಮಧ್ಯಾಹ್ನ ಕೇಳಿದ್ದರೆ ಇದೆ ಅನ್ನುತ್ತಿದ್ದೆ. ನಾನು ಕೆಟ್ಟವನಲ್ಲ, ಒಳ್ಳೆಯ ಉದ್ದೇಶದಿಂದಲೇ ನೋಡಿದ್ದು, ಅದೂ ಸ್ವಂತ ತಾಯಿಯದ್ದು. ಆದರೂ ಅವಳು ನನಗೆ ಕೊಡದೇ ಇದ್ದದ್ದು ನನ್ನ ಕೈಗೆ ಬಂದಿತ್ತು. ಇಣುಕುವ ಅವಕಾಶ ಇದ್ದೂ ಇಣುಕದವನು ದೊಡ್ಡವನು, ಇಣುಕಲು ಆಗದವನ ಒಳ್ಳೆಯತನಕ್ಕೆ ಏನು ಬೆಲೆ ಅಂತ ವಾದಿಸಬಹುದು. ಆದರೆ ಆ ವಾದದಲ್ಲಿ ಎಲ್ಲಾ ಮಾತೂ ಕಾಯುವವನ ಗುಣದ ಬಗ್ಗೆ. ಗುಟ್ಟು ಯಾರದ್ದೋ ಅವರ ಲೆಕ್ಕವೇ ಇಲ್ಲ. ನನ್ನ ಚಾರಿತ್ರ್ಯದ ಪರೀಕ್ಷೆಗೆ ಅಮ್ಮನ ಹೆಸರು ಯಾಕೆ ಪ್ರಶ್ನೆಪತ್ರಿಕೆ ಆಗಬೇಕು? ನೋಡಬಲ್ಲವನು ತನಗೇ ನೋಡಲಾಗದಂತೆ ಬಾಗಿಲು ಹಾಕಿಕೊಳ್ಳುತ್ತಾನಲ್ಲ, ನನಗೆ ಒಳ್ಳೆಯತನ ಕಾಣುವುದು ಅಲ್ಲಿ.

ಸಾಲ್ಟ್‌ನಲ್ಲಿ ನನಗೆ ಇಷ್ಟವಾಗುವ ಸಂಗತಿಯೆಂದರೆ ಅದು ಗುಟ್ಟೇ ಅಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾದ ಒಂದು ಚಿಟಿಕೆ ರ‍್ಯಾಂಡಮ್ ಬೈಟ್‌ಗಳು, ಹ್ಯಾಶ್‌ನ ಪಕ್ಕದಲ್ಲೇ ಎಲ್ಲರಿಗೂ ಕಾಣುವ ಹಾಗೆ ಕೂತಿರುತ್ತವೆ. ಅದು ಬಿದ್ದಮೇಲೆ ಒಂದೇ ಪಾಸ್‌ವರ್ಡ್ ಇಟ್ಟ ಸಾವಿರ ಜನ ಸಾವಿರ ಬೇರೆ ಸಾಲುಗಳಾಗುತ್ತಾರೆ. ಒಬ್ಬರದ್ದು ಮುರಿದರೆ ಇನ್ನೊಬ್ಬರದ್ದು ತಾನಾಗಿ ಸಿಗುವುದಿಲ್ಲ. ಕಳ್ಳ ಮೊದಲೇ ಮಾಡಿಟ್ಟುಕೊಂಡ ಪಟ್ಟಿಯೂ ಕೆಲಸಕ್ಕೆ ಬಾರದು, ಒಂದೊಂದು ಬಾಗಿಲನ್ನೂ ಬೇರೆಯಾಗಿಯೇ ಒಡೆಯಬೇಕು. ಹಾಗಂತ ಉಪ್ಪೊಂದೇ ಸಾಲದು. ಎಂಡಿ5ಗೆ ಅವಸರ ಜಾಸ್ತಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆ ಮಾಡುತ್ತದೆ. ಬಿಕ್ರಿಪ್ಟ್ ಬೇಕೆಂದೇ ನಿಧಾನ. ಅದರ ಕಾಸ್ಟ್ ಒಂದು ಹೆಚ್ಚಿಸಿದರೆ ಕೆಲಸ ಎರಡರಷ್ಟು.

ಕೊನೆಗೆ ಲೀಡ್ ಒಪ್ಪಿದ. ಹಳೆಯ ಎಂಡಿ5ನಿಂದ ಪಾಸ್‌ವರ್ಡ್ ವಾಪಸ್ ತೆಗೆಯುವ ನೇರ ದಾರಿ ಇಲ್ಲವಲ್ಲ, ಹಾಗಾಗಿ ಆ ಹ್ಯಾಶ್‌ಗಳನ್ನೇ ಬಿಕ್ರಿಪ್ಟ್‌ಗೆ ಕೊಟ್ಟು ಸುತ್ತಿದೆವು. ಆಮೇಲೆ ಯಾರು ಲಾಗಿನ್ ಆದರೋ ಅವರದ್ದನ್ನು ಆಗಲೇ ಹೊಸದಾಗಿ ಮಾಡುತ್ತಾ ಬಂದೆವು. ಮೊದಲ ದಿನ ನಾನು ಸಿಂಕ್ ಫಂಕ್ಷನ್ ಬಳಸಿದ್ದೆ. ಒಬ್ಬರು ಲಾಗಿನ್ ಆಗುವಾಗ ಇಡೀ ಸರ್ವರ್ ಉಸಿರು ಹಿಡಿದು ನಿಲ್ಲುತ್ತಿತ್ತು. ಬೈಸಿಕೊಂಡು ಸರಿ ಮಾಡಿದೆ. ಹಳೆಯ ಬ್ಯಾಕಪ್‌ಗಳನ್ನೂ ಅಳಿಸಿದೆವು. ಅವನ್ನು ಬಿಟ್ಟಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗೆ.

ಎರಡು ತಿಂಗಳಾದ ಮೇಲೆ ಅಮ್ಮನ ಫೋನ್. "ಪಾಸ್‌ವರ್ಡಿನ ಕೊನೇ ಅಂಕಿ ಮರ್ತೋಯ್ತು ಕಣೋ. ನಿಮ್ದೇ ಕಂಪನಿ ಅಲ್ವಾ, ನೋಡಿ ಹೇಳು."

"ನಮಗೂ ಕಾಣಲ್ಲಮ್ಮ. ಹೊಸದು ಇಟ್ಕೊ, ಲಿಂಕ್ ಕಳಿಸ್ತೀನಿ."

"ಯಾರಿಗೂ ಕಾಣಲ್ವಾ?"

"ಯಾರಿಗೂ ಕಾಣಲ್ಲ."

"ಅದೂ ಒಳ್ಳೇದೇ ಬಿಡು" ಅಂದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಸರ್ವರಿನ ಮಟ್ಟಿಗೆ ನಾನು ಹೇಳಿದ್ದು ನಿಜ. ನನ್ನ ಮಟ್ಟಿಗೆ ಸುಳ್ಳು, ಆ ಎರಡು ಅಂಕಿ ನನಗೆ ಇವತ್ತಿಗೂ ಬಾಯಿಪಾಠ. ಒಮ್ಮೆ ತಿಳಿದದ್ದನ್ನು ತಿಳಿಯದಂತೆ ಮಾಡುವ ಫಂಕ್ಷನ್ ಯಾವ ಲೈಬ್ರರಿಯಲ್ಲೂ ಇಲ್ಲ. ಅದಕ್ಕೇ, ಮೊದಲೇ ಹಾಕಬೇಕು ಉಪ್ಪು.